ಕಥೆಯ ಮೀನು ಕಣ್ಣು ಮಿಟುಕಿಸಬಾರದು

ಮುಂಬಯಿಯ ಉಪನಗರವೊಂದರಲ್ಲಿ ನಾವು ಕೆಲವು ಕನ್ನಡಿಗರು ಸೇರಿ ಭಾನುವಾರದ ಬೆಳಿಗ್ಗೆ ಮಕ್ಕಳಿಗಾಗಿ ಕನ್ನಡ ವರ್ಗವೊಂದನ್ನು ನಡೆಸುತ್ತೇವೆ. ವಾರವಿಡೀ ಕೇಂದ್ರ ಸರ್ಕಾರದ ಕಚೇರಿಯೊಂದರ ಕಡತಗಳ ನಡುವೆ ಕಳೆಯುವ ನನಗೆ ಆ ಎರಡು ಗಂಟೆಗಳು ಬೇರೆಯದೇ ಕೆಲಸ. ವರ್ಣಮಾಲೆ, ಕಾಗುಣಿತ, ಸಣ್ಣ ಪದ್ಯ, ರಾಜ್ಯೋತ್ಸವಕ್ಕೊಂದು ನೃತ್ಯ ಎಂಬ ಕ್ರಮದಲ್ಲಿ ವರ್ಗ ಸಾಗುತ್ತಿತ್ತು. ಮಕ್ಕಳಿಗೆ ಬೇಸರವಾಗುತ್ತಿದೆಯೆಂಬುದು ನಮಗೆಲ್ಲ ಗೊತ್ತಿತ್ತು. ಹೇಳುವ ಧೈರ್ಯ ಯಾರಿಗೂ ಇರಲಿಲ್ಲ. ಕಳೆದ ವರ್ಷ ನಾನು ಒಂದು ಸಲಹೆ ಮಾಡಿದೆ: ಕನ್ನಡವನ್ನು ಕಲಿಸುವುದನ್ನು ಸ್ವಲ್ಪ ಬದಿಗಿಟ್ಟು, ಕನ್ನಡದಲ್ಲಿ ಏನನ್ನಾದರೂ ಕಲಿಸೋಣ. ಏನನ್ನು ಎಂಬ ಪ್ರಶ್ನೆಗೆ ಮಕ್ಕಳೇ ಉತ್ತರ ಕೊಟ್ಟರು. ಆ ವಾರ ಅವರಲ್ಲಿ ಕೆಲವರ ಶಾಲೆಯಲ್ಲಿ ಮೀನಿನ ಪಾಠ ನಡೆದಿತ್ತು.

ಹಾಗೆ ಮೀನು ನಮ್ಮ ವರ್ಗಕ್ಕೆ ಬಂತು. ಗೋಡೆಗೆ ಮೀನಿನ ದೇಹರಚನೆಯ ಪಟವೊಂದನ್ನು ತೂಗಿಹಾಕಿ ನಾನು ಪಾಠ ಶುರುಮಾಡಿದೆ. ಹತ್ತು ವರ್ಷದ ಹುಡುಗಿಯೊಬ್ಬಳು ಎದ್ದುನಿಂತು ಆಪರ್ಕ್ಯುಲಮ್, ಡಾರ್ಸಲ್ ಫಿನ್, ಲ್ಯಾಟರಲ್ ಲೈನ್ ಎಂದು ಒಂದೇ ಉಸಿರಿನಲ್ಲಿ ಒಪ್ಪಿಸಿದಳು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ಪಟದ ಮೇಲೆ ಬೆರಳಿಟ್ಟು, "ಇದಕ್ಕೆ ಕನ್ನಡದಲ್ಲಿ ಕಿವಿರು ಎನ್ನುತ್ತಾರೆ. ಮೀನು ಉಸಿರಾಡುವುದು ಇದರಿಂದ" ಎಂದೆ. ಆಗ ಹಿಂದಿನ ಸಾಲಿನಲ್ಲಿ ಕೂತಿದ್ದ ಹುಡುಗನೊಬ್ಬ, ಅಷ್ಟು ದಿನ ತಾನಾಗಿ ಬಾಯಿಬಿಡದಿದ್ದವನು, ತನ್ನ ಕುಂದಾಪುರದ ಕನ್ನಡದಲ್ಲಿ ಮೆಲ್ಲಗೆ ಹೇಳಿದ: "ಅಜ್ಜಿ ಹೇಳ್ತ್ರ್, ಅದ್ ಕೆಂಪ್ ಇದ್ರೆ ಮೀನ್ ಲಾಯ್ಕ್ ಇತ್ತ್ ಅಂದೇಳಿ."

ಯಾರೋ ಒಬ್ಬರು "ಛೀ" ಎಂದರು. ಇನ್ನೊಬ್ಬರು ಮೂಗು ಮುಚ್ಚಿಕೊಂಡು ನಕ್ಕರು. ಹುಡುಗ ತಲೆ ತಗ್ಗಿಸಿದ. ಅವನ ತಂದೆಯ ದುಡಿಮೆ ಮೀನಿನದು. ಅದನ್ನು ಶಾಲೆಯಲ್ಲಿ ಯಾರಿಗೂ ಹೇಳಬೇಡವೆಂದು ಮನೆಯಲ್ಲಿ ತಾಯಿ ಎಚ್ಚರಿಸಿದ್ದಾರೆಂದು ಆಮೇಲೆ ತಿಳಿಯಿತು. ಆ ಕ್ಷಣ ನಾನು ಏನಾದರೂ ಹೇಳಬೇಕಿತ್ತು. ಹೇಳಲಿಲ್ಲ. ಪಟದ ಮುಂದಿನ ಭಾಗಕ್ಕೆ ಬೆರಳು ಸರಿಸಿದೆ. ಈ ಲೇಖನವನ್ನು ನಾನು ಬರೆಯುತ್ತಿರುವುದಕ್ಕೆ ಆ ಮೌನವೇ ಕಾರಣ.

ಇಂಗ್ಲಿಷ್ ಎಂ.ಎ. ತರಗತಿಯಲ್ಲಿ ಚಾರ್ಲ್ಸ್ ಡಿಕನ್ಸನ 'ಹಾರ್ಡ್ ಟೈಮ್ಸ್' ನಮಗೆ ಪಠ್ಯವಾಗಿತ್ತು. 1854ರ ಆ ಕಾದಂಬರಿಯ ಆರಂಭದಲ್ಲೇ ಒಂದು ಶಾಲೆ ಬರುತ್ತದೆ. ಅಲ್ಲಿ ಸಿಸಿ ಜೂಪ್ ಎಂಬ ಹುಡುಗಿ. ಸರ್ಕಸ್ಸಿನವರ ನಡುವೆ, ಕುದುರೆಗಳ ಜೊತೆಗೇ ಬೆಳೆದವಳು. ಕುದುರೆ ಎಂದರೇನು, ವ್ಯಾಖ್ಯೆ ಹೇಳು ಎಂದು ಕೇಳಿದಾಗ ಅವಳಿಗೆ ಬಾಯಿ ಬರುವುದಿಲ್ಲ. ಬಿಟ್ಜರ್ ಎಂಬ ಇನ್ನೊಬ್ಬ ಹುಡುಗ ಎದ್ದು ಕುದುರೆಯ ಕಾಲು, ಹಲ್ಲು, ಗೊರಸುಗಳ ಲೆಕ್ಕವನ್ನು ಪಟಪಟನೆ ಒಪ್ಪಿಸುತ್ತಾನೆ. ಈಗ ನಿನಗೆ ಕುದುರೆಯೆಂದರೆ ಏನೆಂದು ತಿಳಿಯಿತಲ್ಲ ಎಂದು ಸಿಸಿಯ ಕಡೆಗೆ ತಿರುಗಿ ಹೇಳಲಾಗುತ್ತದೆ. ಈ ಭಾಗದ ಮೇಲೆ ನಾನು ಪರೀಕ್ಷೆಯಲ್ಲಿ ನಾಲ್ಕು ಪುಟ ಬರೆದು ಒಳ್ಳೆಯ ಅಂಕ ಪಡೆದಿದ್ದೆ. ಇಪ್ಪತ್ತು ವರ್ಷಗಳ ನಂತರ ಮುಂಬಯಿಯ ಒಂದು ಕೋಣೆಯಲ್ಲಿ ನಾನೇ ಆ ಶಾಲೆಯ ಮೇಷ್ಟ್ರಾಗಿ ನಿಂತಿದ್ದೆ. ಮೀನನ್ನು ಬಲ್ಲ ಒಬ್ಬನೇ ಹುಡುಗ ತಲೆ ತಗ್ಗಿಸಿ ಕುಳಿತಿದ್ದ. ಮೀನಿನ ಹೆಸರುಗಳನ್ನು ಬಲ್ಲವರು ಚಪ್ಪಾಳೆ ಪಡೆದಿದ್ದರು.

ನಾನೂ ಮೀನನ್ನು ಬಲ್ಲವನಲ್ಲ. ನಮ್ಮದು ಮಲೆನಾಡಿನ ಸಸ್ಯಾಹಾರಿ ಮನೆ. ಬಾಲ್ಯದಲ್ಲಿ ನನಗೆ ಗೊತ್ತಿದ್ದ ಮೀನುಗಳೆಂದರೆ ಶೃಂಗೇರಿಯ ತುಂಗೆಯ ಮೆಟ್ಟಿಲುಗಳ ಬಳಿ ಮಂಡಕ್ಕಿಗಾಗಿ ಬಾಯಿ ತೆರೆದು ಬರುತ್ತಿದ್ದ ದೊಡ್ಡ ಮೀನುಗಳು, ಮತ್ತು ಕ್ಯಾಲೆಂಡರಿನ ಮತ್ಸ್ಯಾವತಾರ. ಮೀನನ್ನು ಮೇಲಿನಿಂದ ನೋಡಿದವನು ನಾನು, ಅದೂ ಕೈಮುಗಿದು. ಮುಂಬಯಿಗೆ ಬಂದಮೇಲೆ ಲೋಕಲ್ ರೈಲಿನ ಸಾಮಾನು ಡಬ್ಬಿಯಿಂದ ಇಳಿಯುವ ಬುಟ್ಟಿಗಳ ವಾಸನೆಗೆ ಪಕ್ಕಕ್ಕೆ ಸರಿಯುವುದನ್ನು ಕಲಿತೆ. ಈ ಊರನ್ನು ಮೊದಲು ಊರಾಗಿಸಿದವರು ಕೋಳಿಗಳು ಎಂದು ಬಾಯಲ್ಲಿ ಹೇಳುತ್ತಾ, ಅವರ ಬುಟ್ಟಿಯಿಂದ ದೂರ ನಿಲ್ಲುವವರ ಸಾಲಿನಲ್ಲಿ ನಾನೂ ಇದ್ದೆ.

ನನ್ನ ವಾದ ಇಷ್ಟು. ಮಕ್ಕಳಿಗೆ ಒಂದು ಜೀವಿಯ ದೇಹವನ್ನು ಕಲಿಸುವುದಾದರೆ ಕೈಕೆಲಸ ಮತ್ತು ಕಥೆ ಎರಡೂ ಬೇಕು. ಅವು ಪಾಠದ ಮೇಲೆ ಉದುರಿಸುವ ಸಕ್ಕರೆಯಾಗಬಾರದು, ಪಾಠವೇ ಆಗಬೇಕು. ಮತ್ತು ಆ ಪಾಠದಲ್ಲಿ ಆ ಜೀವಿಯೊಡನೆ ಬದುಕುವ ಜನರಿಗೆ ಜಾಗವಿಲ್ಲದಿದ್ದರೆ ನಾವು ಎಷ್ಟೇ ಚಂದದ ಮೀನು ಮಾಡಿದರೂ ಅದು ಅರ್ಧ ಮೀನು.

ಮೊದಲು ಕೈಕೆಲಸದ ಮಾತು. ಶಾಲೆಗಳಲ್ಲಿ ಇವತ್ತು 'ಕ್ರಾಫ್ಟ್' ಎಂಬ ಹೆಸರಿನಲ್ಲಿ ನಡೆಯುವುದನ್ನು ಎಲ್ಲ ಪೋಷಕರೂ ಬಲ್ಲರು. ಕಾಗದದ ತಟ್ಟೆಯೊಂದನ್ನು ತ್ರಿಕೋನಾಕಾರ ಕತ್ತರಿಸಿ, ಆ ತುಂಡನ್ನೇ ಬಾಲವಾಗಿ ಅಂಟಿಸಿ, ಅಂಗಡಿಯಿಂದ ತಂದ ಗುಂಡು ಕಣ್ಣು ಹಚ್ಚಿ, ಮಿಂಚುಪುಡಿ ಚೆಲ್ಲಿದರೆ ಮೀನು ಸಿದ್ಧ. ಅರ್ಧ ಕೆಲಸವನ್ನು ತಾಯಂದಿರು ರಾತ್ರಿ ಹನ್ನೊಂದಕ್ಕೆ ಮಾಡಿರುತ್ತಾರೆ. ಈ ಮೀನಿನಿಂದ ಮಗು ಕಲಿಯುವುದು ಮಿಂಚುಪುಡಿ ನೆಲದಿಂದ ಹೋಗುವುದಿಲ್ಲವೆಂಬುದನ್ನು ಮಾತ್ರ. ಗಾಂಧೀಜಿ 1937ರಲ್ಲಿ ವಾರ್ಧಾದಲ್ಲಿ ಮುಂದಿಟ್ಟ ಶಿಕ್ಷಣದ ಕಲ್ಪನೆಯಲ್ಲಿ ಕೈಕಸುಬು ಪಾಠದ ಪಕ್ಕದಲ್ಲಿ ಕೂರುವ ಅಲಂಕಾರವಾಗಿರಲಿಲ್ಲ. ಕಸುಬಿನ ಮೂಲಕವೇ ಗಣಿತ, ವಿಜ್ಞಾನ, ಇತಿಹಾಸ ಬರಬೇಕಿತ್ತು. ನಾವು ಆ ಮಾತನ್ನು ಗೌರವದಿಂದ ಪಕ್ಕಕ್ಕಿಟ್ಟು ಅದರ ಜಾಗದಲ್ಲಿ ಬಣ್ಣದ ಕಾಗದ ಇಟ್ಟುಕೊಂಡೆವು.

ಮೊದಲ ಪಾಠದ ಸೋಲಿನ ನಂತರ ನಾನು ಪಟವನ್ನು ಸುತ್ತಿಟ್ಟೆ. ಮುಂದಿನ ವಾರ ಹಳೆಯ ರಟ್ಟಿನಿಂದ ಒಂದು ಮೊಳ ಉದ್ದದ ಮೀನನ್ನು ಕತ್ತರಿಸಿ, ಹಳೆಯ ಕ್ಯಾಲೆಂಡರಿನ ಹಾಳೆಗಳಿಂದ ನೂರಾರು ಅರ್ಧಚಂದ್ರಗಳನ್ನು ಮಾಡಿಸಿ, ಹುರುಪೆಗಳನ್ನು ಅಂಟಿಸಿರೆಂದು ಮಕ್ಕಳಿಗೆ ಬಿಟ್ಟೆ. ಎಲ್ಲರೂ ತಲೆಯ ಕಡೆಯಿಂದ ಶುರುಮಾಡಿದರು. ಎರಡನೆಯ ಸಾಲು ಬರುವಾಗಲೇ ತೊಡಕಾಯಿತು: ಹಿಂದಿನ ಸಾಲಿನ ಅಂಚು ಮುಂದಿನ ಸಾಲಿನ ಕೆಳಗೆ ಸಿಕ್ಕಿಬಿದ್ದಿತು. ಹಾಗೆ ಹುರುಪೆಯ ಬಾಯಿ ತಲೆಯ ಕಡೆಗೆ ತೆರೆದುಕೊಂಡರೆ ಮೀನು ಈಜುವಾಗ ಏನಾಗುತ್ತದೆ ಎಂದು ಕೇಳಿದೆ. ನೀರು ಒಳಗೆ ನುಗ್ಗುತ್ತದೆ, ಹುರುಪೆ ಎದ್ದುನಿಲ್ಲುತ್ತದೆ ಎಂದರು. ಊರಿನ ಮನೆಯ ಮಂಗಳೂರು ಹೆಂಚನ್ನು ನೋಡಿದ್ದ ಒಬ್ಬಳು, ಮಾಡಿಗೆ ಹೆಂಚು ಹೊದಿಸುವವರು ಕೆಳಗಿನ ಅಂಚಿನಿಂದ ಮೇಲಕ್ಕೆ ಹೋಗುತ್ತಾರಲ್ಲವೇ ಎಂದಳು. ಮಕ್ಕಳು ಎಲ್ಲವನ್ನೂ ಕಿತ್ತು, ಬಾಲದಿಂದ ತಲೆಯ ಕಡೆಗೆ ಅಂಟಿಸತೊಡಗಿದರು. ಹುರುಪೆಗಳ ತುದಿ ಬಾಲದ ಕಡೆಗೆ ಬಾಗಿರುತ್ತದೆ, ನೀರು ಅವುಗಳ ಮೇಲೆ ಜಾರಿಹೋಗುತ್ತದೆ ಎಂಬ ಸಂಗತಿಯನ್ನು ನಾನು ಹೇಳಬೇಕಾಗಿ ಬರಲಿಲ್ಲ. ತಪ್ಪಾಗಿ ಅಂಟಿಸಿದ ಕಾಗದವೇ ಹೇಳಿತು. ಕೈಕೆಲಸದ ನಿಜವಾದ ಉಪಯೋಗ ಇದು: ವಸ್ತು ಮಗುವಿನ ತಪ್ಪನ್ನು ತಾನೇ ತೋರಿಸುತ್ತದೆ. ವಿಡಿಯೋ ಎಷ್ಟೇ ಸುಂದರವಾಗಿರಲಿ, ಅದರಲ್ಲಿ ಮಗು ತಪ್ಪು ಮಾಡುವುದಕ್ಕೆ ಅವಕಾಶವೇ ಇಲ್ಲ.

ಕಿವಿರಿನ ಪಾಠ ಇನ್ನೂ ಸರಳ. ನೀರಿನಿಂದ ಹೊರಗೆ ತೆಗೆದ ಮೀನು ಏಕೆ ಸಾಯುತ್ತದೆ? ಗಾಳಿ ಇಲ್ಲದೆ ಎಂದು ಮಕ್ಕಳು ಹೇಳಲಾರರು, ಏಕೆಂದರೆ ಹೊರಗೆ ಇರುವುದೆಲ್ಲ ಗಾಳಿಯೇ. ಒಂದು ಲೀಟರ್ ನೀರಿನಲ್ಲಿ ಕರಗಿರುವ ಆಮ್ಲಜನಕ ಕೆಲವೇ ಮಿಲಿಗ್ರಾಂ. ಅಷ್ಟರಲ್ಲಿ ಬದುಕುವ ಪ್ರಾಣಿ ಆಮ್ಲಜನಕ ತುಂಬಿದ ಗಾಳಿಯಲ್ಲಿ ಉಸಿರುಕಟ್ಟಿ ಸಾಯುವುದು ಒಂದು ಒಗಟು. ಒಗಟನ್ನು ಬಿಡಿಸಲು ಬೇಕಾದದ್ದು ಒಂದು ಲೋಟ ನೀರು ಮತ್ತು ಕೆಂಪು ರೇಷ್ಮೆದಾರದ ಒಂದು ಕುಚ್ಚು. ನೀರಿನೊಳಗೆ ಕುಚ್ಚು ಹೂವಿನಂತೆ ಅರಳಿ ಪ್ರತಿ ಎಳೆಯೂ ಬೇರೆಯಾಗಿ ತೇಲುತ್ತದೆ. ಮೇಲೆತ್ತಿದ ಕೂಡಲೇ ಎಳೆಗಳೆಲ್ಲ ಒಂದಕ್ಕೊಂದು ಅಂಟಿಕೊಂಡು ಒದ್ದೆ ಬತ್ತಿಯಾಗುತ್ತದೆ. ಮೀನಿನ ಎರಡೂ ಬದಿಗೆ ನಾಲ್ಕು ನಾಲ್ಕು ಕಮಾನುಗಳ ಮೇಲೆ ಸಾಲಾಗಿರುವ ಕಿವಿರಿನ ಎಳೆಗಳಿಗೂ ಆಗುವುದು ಇದೇ. ಗಾಳಿ ಸುತ್ತಲೂ ಇದ್ದರೂ ಅದನ್ನು ಹೀರುವ ಮೈ ಕುಗ್ಗಿಹೋಗುತ್ತದೆ, ಕ್ರಮೇಣ ಒಣಗುತ್ತದೆ. ಕುಚ್ಚನ್ನು ಮಕ್ಕಳು ಹತ್ತಾರು ಸಲ ಮುಳುಗಿಸಿ ಎತ್ತಿದರು. ಯಾರೂ "ಛೀ" ಎನ್ನಲಿಲ್ಲ.

ಹೃದಯದಿಂದ ಹೊರಟ ರಕ್ತ ಮೊದಲು ಕಿವಿರಿಗೆ, ಅಲ್ಲಿಂದ ಮೈಗೆಲ್ಲ, ಮತ್ತೆ ಹೃದಯಕ್ಕೆ ಎಂಬ ಒಂದೇ ಸುತ್ತನ್ನು ಉಣ್ಣೆದಾರದಲ್ಲಿ ಹಾಕಿದೆವು: ಹೃದಯದಿಂದ ಕಿವಿರಿನವರೆಗೆ ನೀಲಿ, ಅಲ್ಲಿಂದ ಮುಂದಕ್ಕೆ ಕೆಂಪು, ಮರಳುವಾಗ ಮತ್ತೆ ನೀಲಿ. ದಾರವನ್ನು ತನ್ನ ಕೈಯಿಂದ ಎಳೆದ ಮಗು, ಮೀನಿನ ಹೃದಯಕ್ಕೆ ಎರಡೇ ಕೋಣೆ ಏಕೆ ಸಾಕು ಎಂದು ತಾನಾಗಿಯೇ ಕೇಳುತ್ತದೆ. ನಮ್ಮ ಹೃದಯದಿಂದ ರಕ್ತ ಎರಡು ದಾರಿ ಹಿಡಿಯಬೇಕು, ಅದರದ್ದು ಒಂದೇ ದಾರಿ. ಗಾಳಿಚೀಲಕ್ಕೆ ಒಂದು ಪುಗ್ಗೆ ಸಾಕಾಯಿತು. ಕಲ್ಲು ತುಂಬಿ ತೂತು ಮಾಡಿದ ಪ್ಲಾಸ್ಟಿಕ್ ಬಾಟಲಿಯೊಳಗೆ ಪುಗ್ಗೆ, ಅದಕ್ಕೆ ಸಿಕ್ಕಿಸಿದ ಸಣ್ಣ ಕೊಳವೆ. ಊದಿದರೆ ಬಾಟಲಿ ಬಕೆಟ್ಟಿನ ತಳದಿಂದ ಏಳುತ್ತದೆ, ಬಿಟ್ಟರೆ ಮುಳುಗುತ್ತದೆ. ರೋಹು ಮೀನಿನಲ್ಲಿ ಈ ಚೀಲಕ್ಕೂ ಅನ್ನನಾಳಕ್ಕೂ ನಡುವೆ ಸಣ್ಣ ನಾಳವೊಂದು ಇರುತ್ತದೆ. ತೊರಕೆ, ಶಾರ್ಕ್‌ಗಳಲ್ಲಿ ಈ ಚೀಲವೇ ಇಲ್ಲ. ಹಾಗಾದರೆ ಅವು ಹೇಗೆ ತೇಲುತ್ತವೆ ಎಂಬ ಪ್ರಶ್ನೆ ಮುಂದಿನ ವಾರಕ್ಕೆ ಉಳಿಯಿತು. ಶಾರ್ಕಿನ ಎಣ್ಣೆ ತುಂಬಿದ ದೊಡ್ಡ ಯಕೃತ್ತಿನ ಕಥೆ ಹಾಗೆ ಬಂತು.

ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿದ್ದ ಪ್ರಾಣಿಶಾಸ್ತ್ರಜ್ಞ ಲೂಯಿ ಅಗಾಸಿಜ್ ಹೊಸ ಶಿಷ್ಯನಿಗೆ ಮದ್ಯಸಾರದಲ್ಲಿಟ್ಟ ಮೀನೊಂದನ್ನು ಕೊಟ್ಟು, ನೋಡುತ್ತಾ ಕೂರು ಎಂದು ಹೊರಟುಹೋದ ಪ್ರಸಂಗ ಪ್ರಸಿದ್ಧ. ಆ ಶಿಷ್ಯ, ಮುಂದೆ ಕೀಟಶಾಸ್ತ್ರಜ್ಞನಾಗಿ ಹೆಸರು ಮಾಡಿದ ಸ್ಯಾಮ್ಯುಯೆಲ್ ಸ್ಕಡರ್. ಹತ್ತು ನಿಮಿಷದಲ್ಲಿ ಎಲ್ಲ ನೋಡಿ ಮುಗಿಯಿತೆಂದುಕೊಂಡವನು, ಬೇಸರಕ್ಕೆ ಮೀನಿನ ಚಿತ್ರ ಬಿಡಿಸತೊಡಗಿದಾಗ ಅದುವರೆಗೆ ಕಾಣದ್ದನ್ನೆಲ್ಲ ಕಂಡ. ನಮಗೆ ಮದ್ಯಸಾರದ ಮೀನು ಬೇಡ. ಆದರೆ ಕೈ ಚಲಿಸಿದಾಗ ಕಣ್ಣು ತೆರೆಯುತ್ತದೆ ಎಂಬ ಆ ಪ್ರಸಂಗದ ಸತ್ಯ ರಟ್ಟಿನ ಮೀನಿಗೂ ಅನ್ವಯಿಸುತ್ತದೆ.

ಇನ್ನು ಕಥೆ. ಇಲ್ಲಿ ನನಗೆ ಎದುರಾದ ಆಕ್ಷೇಪಣೆ ಗಟ್ಟಿಯಾದದ್ದು. ವಿಜ್ಞಾನದ ಅಧ್ಯಾಪಕರಾಗಿರುವ ಸ್ನೇಹಿತರೊಬ್ಬರು ಕೇಳಿದರು: ಮಾತಾಡುವ ಮೀನು, ಅಳುವ ಮೀನು, ಅಮ್ಮನನ್ನು ಹುಡುಕುವ ಮೀನು, ಇವೆಲ್ಲ ಮೀನನ್ನು ಮನುಷ್ಯನನ್ನಾಗಿ ಮಾಡುತ್ತವೆ, ಮಗು ಕಲಿಯುವುದು ಮೀನನ್ನಲ್ಲ, ಮೀನಿನ ಮುಖವಾಡ ಹಾಕಿದ ತನ್ನನ್ನೇ. ಮಾತು ಸರಿ. ಮಾರುಕಟ್ಟೆಯ ಮಕ್ಕಳ ಪುಸ್ತಕಗಳಲ್ಲಿ ಮೀನಿಗೆ ರೆಪ್ಪೆಗೂದಲು ಇರುತ್ತದೆ. ಆದ್ದರಿಂದ ನಮ್ಮ ವರ್ಗದಲ್ಲಿ ಒಂದು ನಿಯಮ ಮಾಡಿಕೊಂಡೆವು. ಕಥೆಯ ಮೀನು ಮಾತಾಡಬಹುದು, ಆದರೆ ಕಣ್ಣು ಮಿಟುಕಿಸಬಾರದು, ಏಕೆಂದರೆ ರೋಹುವಿಗೆ ರೆಪ್ಪೆಯಿಲ್ಲ. ನೀರಿನಿಂದ ಹೊರಗೆ ಜಿಗಿದರೆ ಅದಕ್ಕೆ ಹೆಚ್ಚು ಹೊತ್ತಿಲ್ಲ. ಕತ್ತಲಲ್ಲೂ ಅದು ಶತ್ರುವನ್ನು ಗುರುತಿಸಬಹುದು, ಏಕೆಂದರೆ ಮೈಯ ಬದಿಗುಂಟ ಹಾಯುವ ಪಾರ್ಶ್ವರೇಖೆ ನೀರಿನ ಕಂಪನವನ್ನು ತಿಳಿಸುತ್ತದೆ. ಕಥೆ ಹೇಳುವವರು ಈ ಒಪ್ಪಂದವನ್ನು ಮುರಿದರೆ ಮಕ್ಕಳು ಕೈಯೆತ್ತಿ ತಡೆಯಬಹುದು. ಮೊದಲ ದಿನವೇ ನನ್ನನ್ನು ಮೂರು ಸಲ ತಡೆದರು. ಒಂದು ಸಲ ನನ್ನ ಮೀನು ಕತ್ತು ತಿರುಗಿಸಿತ್ತು. "ಸರ್, ಮೀನಿಗೆ ಕತ್ತೆಲ್ಲಿದೆ?" ನಾನು ತಪ್ಪೊಪ್ಪಿಕೊಂಡೆ. ದೇಹದ ನಿಯಮ ಕಥೆಯ ನಿಯಮವಾದಾಗ ದೇಹರಚನೆ ಬಾಯಿಪಾಠವಾಗುವುದಿಲ್ಲ. ಕಥೆಯ ತಿರುವೇ ಅದರ ಮೇಲೆ ನಿಂತಿರುತ್ತದೆ.

ನಮ್ಮಲ್ಲಿ ಇಂಥ ಕಥೆಗಳಿಗೆ ಬರವಿಲ್ಲ. ಮನುವಿನ ಬೊಗಸೆಯ ನೀರಿನಲ್ಲಿ ಸಿಕ್ಕ ಪುಟ್ಟ ಮೀನು, ಚಿಕ್ಕವರನ್ನು ದೊಡ್ಡವರು ನುಂಗುತ್ತಾರೆ, ನನ್ನನ್ನು ಕಾಪಾಡು ಎಂದು ಬೇಡಿ, ಗಡಿಗೆಯಿಂದ ಹೊಂಡಕ್ಕೆ, ಹೊಂಡದಿಂದ ಸಮುದ್ರಕ್ಕೆ ಬೆಳೆಯುವ ಶತಪಥ ಬ್ರಾಹ್ಮಣದ ಕಥೆಯಲ್ಲೇ ಮೀನಿನ ಬೆಳವಣಿಗೆಯ ಪಾಠಕ್ಕೆ ಪೀಠಿಕೆಯಿದೆ. ಮೀನಿನ ಹುರುಪೆಯ ಮೇಲೂ, ಅದರ ಒಳಗಿವಿಯ ಪುಟ್ಟ ಕಲ್ಲಿನಲ್ಲೂ ಮರದ ಕಾಂಡದಂತೆ ಉಂಗುರಗಳು ಮೂಡುತ್ತವೆ. ಅವುಗಳಿಂದ ವಯಸ್ಸನ್ನು ಅಂದಾಜು ಮಾಡುತ್ತಾರೆ. ಪುರಾಣ ಬೇಡವೆನ್ನುವವರಿಗೆ ನಂಗ್ ಮೀನಿದೆ. ಅದರ ಮರಿ ಹುಟ್ಟುವಾಗ ಎಲ್ಲ ಮೀನುಗಳಂತೆ ಒಂದು ಬದಿಗೆ ಒಂದು ಕಣ್ಣು. ಬೆಳೆಯುತ್ತಾ ಒಂದು ಕಣ್ಣು ನೆತ್ತಿಯ ಮೇಲಿಂದ ನಿಧಾನವಾಗಿ ಇನ್ನೊಂದು ಬದಿಗೆ ಪಯಣಿಸುತ್ತದೆ. ಆಮೇಲೆ ಆ ಮೀನು ಮರಳಿನ ಮೇಲೆ ಮಗ್ಗುಲಾಗಿ ಮಲಗಿ, ಎರಡೂ ಕಣ್ಣಿನಿಂದ ಆಕಾಶ ನೋಡುತ್ತದೆ. ಇದಕ್ಕಿಂತ ವಿಚಿತ್ರವಾದುದನ್ನು ಯಾವ ಕಥೆಗಾರ ಕಟ್ಟಬೇಕು?

ಆದರೆ ನನಗೆ ಮುಖ್ಯವಾದ ಕಥೆ ಬೇರೆಯದು. ಆ ಹುಡುಗ ಎರಡು ವಾರ ವರ್ಗಕ್ಕೆ ಬಂದಿರಲಿಲ್ಲ. ಮೂರನೆಯ ವಾರ ಬಂದ. ಅಂದು ನಾನು ಶಾಕುಂತಲದ ಕಥೆ ಹೇಳಿದೆ. ಬಸವಪ್ಪ ಶಾಸ್ತ್ರಿಗಳು ಕನ್ನಡಕ್ಕೆ ತಂದ ಆ ನಾಟಕದ ಪ್ರೇಮಪ್ರಸಂಗವನ್ನು ಚುಟುಕಾಗಿ ಮುಗಿಸಿ ಆರನೆಯ ಅಂಕದ ಆರಂಭಕ್ಕೆ ಬಂದೆ. ರಾಜಮುದ್ರೆಯ ಉಂಗುರವನ್ನು ಮಾರಲು ಬಂದ ಬಡ ಬೆಸ್ತನನ್ನು ಕಾವಲುಗಾರರು ಕೈಕಟ್ಟಿ ಎಳೆದುತರುತ್ತಾರೆ, ಕಳ್ಳನೆಂದು ಹೊಡೆಯುತ್ತಾರೆ. ರೋಹಿತ ಮೀನನ್ನು ಕೊಯ್ದಾಗ ಅದರ ಹೊಟ್ಟೆಯಲ್ಲಿ ಸಿಕ್ಕಿತೆಂದು ಅವನು ಹೇಳುತ್ತಾನೆ. ಅವನ ಕಸುಬನ್ನು ಕೇಳಿ, ಎಂಥ ಪರಿಶುದ್ಧ ವೃತ್ತಿ ಎಂದು ಅಧಿಕಾರಿ ಅಣಕಿಸುತ್ತಾನೆ. ಬೆಸ್ತ ತಲೆ ತಗ್ಗಿಸುವುದಿಲ್ಲ. ಯಜ್ಞದಲ್ಲಿ ಪಶುವನ್ನು ಕೊಲ್ಲುವವನೂ ದಯಾಳುವಾಗಿರಬಲ್ಲನಲ್ಲವೇ ಎಂದು ತಿರುಗಿ ಉತ್ತರಿಸುತ್ತಾನೆ. ಹುಟ್ಟಿನಿಂದ ಬಂದ ಕಸುಬನ್ನು ಬಿಡಬಾರದು ಎಂಬ ಅವನ ಮಾತಿನ ಇನ್ನೊಂದು ಭಾಗವನ್ನು ನಾನು ಇಂದು ಒಪ್ಪಲಾರೆ. ಯಾವ ಮಗುವೂ ತಂದೆಯ ಕಸುಬಿಗೆ ಕಟ್ಟುಬಿದ್ದಿಲ್ಲ. ಆದರೆ ಯಾವ ಮಗುವೂ ತಂದೆಯ ಕಸುಬನ್ನು ಮುಚ್ಚಿಡಬೇಕಾಗಿಯೂ ಇಲ್ಲ. ಅಂದು ಮಕ್ಕಳಿಗೆ ನಾನು ಹೇಳಿದ್ದು ಇಷ್ಟೇ: ಆ ಮನುಷ್ಯ ಮೀನನ್ನು ಕೊಯ್ಯದೇ ಇದ್ದಿದ್ದರೆ ದುಷ್ಯಂತನಿಗೆ ನೆನಪು ಮರಳುತ್ತಿರಲಿಲ್ಲ, ನಾಟಕ ಅಲ್ಲೇ ನಿಲ್ಲುತ್ತಿತ್ತು. ರಾಜ ಕೊಟ್ಟ ಬಹುಮಾನದೊಡನೆ ಎಲ್ಲರೂ ಹೆಂಡದಂಗಡಿಗೆ ನಡೆಯುವ ಭಾಗವನ್ನು ಮಾತ್ರ ಬಿಟ್ಟುಬಿಟ್ಟೆ.

ಆಮೇಲೆ ಪ್ರಶ್ನೆಗಳು. ಉಂಗುರವನ್ನು ಮೀನು ಅಗಿಯಲಿಲ್ಲವೇಕೆ? ರೋಹುವಿನ ದವಡೆಯಲ್ಲಿ ಹಲ್ಲಿಲ್ಲ. ಅದರ ಹಲ್ಲುಗಳಿರುವುದು ಗಂಟಲಿನಲ್ಲಿ. ಹೊಟ್ಟೆಯಲ್ಲಿ ಕರಗಲಿಲ್ಲವೇಕೆ? ರೋಹುವಿಗೆ ನಮ್ಮಂಥ ಜಠರವೇ ಇಲ್ಲ, ಸುರುಳಿ ಸುತ್ತಿದ ಉದ್ದನೆಯ ಕರುಳಿದೆ. ಹಾಗಾದರೆ ಕಾಳಿದಾಸ ತಪ್ಪು ಬರೆದನೇ? ನಾನು ಯೋಚಿಸುತ್ತಿರುವಾಗ ಹಿಂದಿನ ಸಾಲಿನಿಂದ ಆ ಹುಡುಗ, ಮೀನಿನ ಹೊಟ್ಟೆ ಸೀಳಿದಾಗ ಒಳಗೆ ಇರುವುದನ್ನೆಲ್ಲ ಹೊಟ್ಟೆಯೆಂದೇ ಹೇಳುತ್ತಾರೆ ಎಂದ. ಯಾರೂ ನಗಲಿಲ್ಲ. ಮುಂದಿನ ಸಾಲಿನ ಹುಡುಗಿ ತಿರುಗಿ, "ನೀನು ನೋಡಿದ್ದೀಯಾ?" ಎಂದು ಕೇಳಿದಳು. ಅವನು "ಹೂಂ" ಎಂದ.

ಈ ಕಥೆ ಇಲ್ಲಿಗೇ ಸುಖಾಂತವಾಗಲಿಲ್ಲ. ಮರುದಿನ ಪೋಷಕರೊಬ್ಬರು ಫೋನ್ ಮಾಡಿದರು. ಮಾತಿನಲ್ಲಿ ಒರಟುತನವಿರಲಿಲ್ಲ. ಕನ್ನಡ ಕಲಿಸಲು ಹೂವಿದೆ, ನವಿಲಿದೆ, ಮೀನೇ ಏಕೆ ಬೇಕು? ನಮ್ಮ ಮನೆಯಲ್ಲಿ ಇಂಥದನ್ನು ಮಾತಾಡುವುದಿಲ್ಲ ಎಂದರು. ಅವರ ಮಗು ಆಮೇಲೆ ಬರಲಿಲ್ಲ. ಹನ್ನೆರಡು ಮಕ್ಕಳ ವರ್ಗದಲ್ಲಿ ಒಂದು ಮಗು ಕಡಿಮೆಯಾಗುವುದು ಸಣ್ಣ ಮಾತಲ್ಲ. ನಮ್ಮಲ್ಲೇ ಕೆಲವರು, ಕನ್ನಡವನ್ನು ಉಳಿಸಲು ಹೊರಟು ಕನ್ನಡಿಗರನ್ನು ಕಳೆದುಕೊಂಡರೆ ಹೇಗೆ ಎಂದು ಕೇಳಿದರು. ಆ ಪ್ರಶ್ನೆಯನ್ನು ನಾನು ಹಗುರವಾಗಿ ತೆಗೆದುಕೊಂಡಿಲ್ಲ.

ಆದರೂ ನನ್ನ ಉತ್ತರ ಬದಲಾಗಿಲ್ಲ. ನಾವು ಯಾರಿಗೂ ಮೀನು ತಿನ್ನಲು ಹೇಳಲಿಲ್ಲ. ವರ್ಗಕ್ಕೆ ಮೀನು ತಂದಿಲ್ಲ, ತರುವುದೂ ಇಲ್ಲ. ಒಂದು ಜೀವಿಯನ್ನು ಅರಿಯುವುದಕ್ಕೂ ಅದನ್ನು ಉಣ್ಣುವುದಕ್ಕೂ ಸಂಬಂಧವಿಲ್ಲ. ಮೀನು ತಿನ್ನದ ನನಗೇ ಕಿವಿರಿನ ಎಳೆಗಳನ್ನು ಅರಿತ ಮೇಲೆ, ತುಂಗೆಯ ಆ ಮೀನುಗಳು ಬಾಯಿ ತೆರೆದು ಮುಚ್ಚುತ್ತಿದ್ದುದು ಕೇವಲ ಮಂಡಕ್ಕಿಗಾಗಿ ಅಲ್ಲ, ಉಸಿರಿಗಾಗಿಯೂ ಎಂದು ತಿಳಿಯಿತು. ಹೂವು ಮತ್ತು ನವಿಲಿನಲ್ಲಿ ಮಾತ್ರ ಕಲಿಸಿದ ಕನ್ನಡ ಕೆಲವರ ಅಡಿಗೆಮನೆಯ ಕನ್ನಡ ಮಾತ್ರ. ಮುಂಬಯಿಗೆ ಕನ್ನಡವನ್ನು ಹೊತ್ತುತಂದವರು ಯಾರು? ಹೋಟೆಲಿನಲ್ಲಿ ದುಡಿದು ರಾತ್ರಿಶಾಲೆಯಲ್ಲಿ ಅಕ್ಷರ ಕಲಿತ ಕರಾವಳಿಯ ಹುಡುಗರು. ಮೊಗವೀರರು ಇಪ್ಪತ್ತನೆಯ ಶತಮಾನದ ಆರಂಭದಲ್ಲೇ ಈ ನಗರದಲ್ಲಿ ತಮ್ಮ ಸಂಸ್ಥೆ ಕಟ್ಟಿಕೊಂಡು, ತಮ್ಮ ಹೆಸರಿನ ಕನ್ನಡ ಪತ್ರಿಕೆಯನ್ನೂ ನಡೆಸಿಕೊಂಡು ಬಂದವರು. ಅವರ ಮೊಮ್ಮಕ್ಕಳು ಕನ್ನಡ ವರ್ಗದಲ್ಲಿ ಮೀನಿನ ಮಾತೆತ್ತಲು ಹೆದರಬೇಕಾದರೆ, ನಾವು ಉಳಿಸುತ್ತಿರುವ ಕನ್ನಡ ಯಾರದು?

ಭಾಷೆಯ ವಿಚಾರದಲ್ಲಿ ಇನ್ನೊಂದು ಮಾತು. ಹೊರನಾಡಿನ ನಮ್ಮ ಮಕ್ಕಳಿಗೆ ಕನ್ನಡವೆಂದರೆ ಹಬ್ಬ, ಹಾಡು ಮತ್ತು ಅಜ್ಜಿಯೊಡನೆ ಫೋನಿನ ಮಾತು. ತಿಳಿವಳಿಕೆಯ ಭಾಷೆ ಇಂಗ್ಲಿಷ್ ಎಂದು ಅವರು ಆರನೆಯ ವರ್ಷಕ್ಕೇ ತೀರ್ಮಾನಿಸಿರುತ್ತಾರೆ. ಶಿವರಾಮ ಕಾರಂತರು 1930ರ ದಶಕದಲ್ಲೇ ಮಕ್ಕಳಿಗಾಗಿ 'ಬಾಲಪ್ರಪಂಚ'ದ ಸಂಪುಟಗಳನ್ನು ಬರೆದದ್ದು ಈ ತೀರ್ಮಾನದ ವಿರುದ್ಧವೇ. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುತ್ತಿದ್ದ ಬಿ.ಜಿ.ಎಲ್. ಸ್ವಾಮಿಯವರು 'ಹಸುರು ಹೊನ್ನು' ಪುಸ್ತಕದಲ್ಲಿ ವಿದ್ಯಾರ್ಥಿಗಳೊಡನೆ ಕಾಡು ಸುತ್ತುತ್ತಾ, ನಗಿಸುತ್ತಾ, ತಾವೇ ಚಿತ್ರ ಬರೆಯುತ್ತಾ ಸಸ್ಯಗಳನ್ನು ಪರಿಚಯಿಸಿದರು. ಅವರೂ ನಮ್ಮಂತೆ ಹೊರನಾಡಿನಲ್ಲಿದ್ದವರೇ. ಕನ್ನಡದಲ್ಲಿ ಪದಗಳಿಲ್ಲವೆಂಬುದು ಸೋಮಾರಿತನದ ಮಾತು. ಕಿವಿರು, ಈಜುರೆಕ್ಕೆ, ಹುರುಪೆ, ಗಾಳಿಚೀಲ, ಪಾರ್ಶ್ವರೇಖೆ: ಪಠ್ಯದ ಪದಗಳು ಇವೆ. ಬಂಗುಡೆ, ಅಂಜಲ್, ಕಾಣೆ, ನಂಗ್, ಮಾಂಜಿ: ದಡದ ಪದಗಳು ಇನ್ನೂ ಹೆಚ್ಚಿವೆ. ಕಿವಿರನ್ನು ಕಿವಿಯೆಂದು ತಿಳಿದ ಮಗುವಿನ ತಪ್ಪಿನಿಂದಲೇ, ಹಾಗಾದರೆ ಮೀನಿಗೆ ಕಿವಿ ಎಲ್ಲಿದೆ ಎಂಬ ಪ್ರಶ್ನೆ ಹುಟ್ಟಿತು. ಹೊರಗೆ ಕಾಣದ ಆ ಕಿವಿ ತಲೆಬುರುಡೆಯೊಳಗಿದೆ ಎಂಬ ಉತ್ತರವೂ ಬಂತು. ಇಂಗ್ಲಿಷಿನಲ್ಲಿ ಆ ತಪ್ಪು ಆಗುವುದಿಲ್ಲ. ಆದ್ದರಿಂದ ಆ ಪ್ರಶ್ನೆಯೂ ಹುಟ್ಟುವುದಿಲ್ಲ.

ಕೊನೆಗೊಂದು ದಿನ ಹುಡುಗನ ಅಜ್ಜಿ ಅವನನ್ನು ಕರೆದೊಯ್ಯಲು ಬಂದರು. ಗೋಡೆಗೆ ತೂಗುಹಾಕಿದ್ದ ನಮ್ಮ ರಟ್ಟಿನ ಮೀನಿನ ಮುಂದೆ ನಿಂತು, ಕೆಳಗೆ ಬರೆದಿದ್ದ 'ಬಂಗುಡೆ' ಎಂಬ ಹೆಸರನ್ನು ಮೊಮ್ಮಗನಿಂದ ಓದಿಸಿಕೊಂಡು ನಕ್ಕರು. "ಮಾಷ್ಟ್ರೇ, ಮೀನ್ ಮುಟ್ಟ್ದೆ ಮೀನಿನ್ ಪಾಠ ಮಾಡುದಾ?" ಎಂದು ಕೇಳಿದರು. "ನೀವೇ ಹೇಳಿಕೊಡಿ ಅಮ್ಮಾ" ಎಂದೆ. ಬಂಗುಡೆಗೆ ಇಷ್ಟು ದೊಡ್ಡ ಹುರುಪೆ ಎಲ್ಲಿಯದು, ಅದರ ಹುರುಪೆ ತೀರ ಸಣ್ಣದು ಎಂದರು. ಬಾಲದ ಹತ್ತಿರ, ಬೆನ್ನಿನ ಮೇಲೂ ಹೊಟ್ಟೆಯ ಕೆಳಗೂ ಸಾಲಾಗಿ ಪುಟ್ಟ ಪುಟ್ಟ ರೆಕ್ಕೆಗಳಿರಬೇಕು, ಅವನ್ನು ಬಿಟ್ಟಿದ್ದೀರಿ ಎಂದು ಬೆರಳಿಟ್ಟು ತೋರಿಸಿದರು. ಮನೆಗೆ ಹೋಗಿ ಪುಸ್ತಕ ತೆರೆದೆ. ಬಂಗುಡೆಗೆ ಬೆನ್ನಿನ ಕಡೆ ಐದು, ಹೊಟ್ಟೆಯ ಕಡೆ ಐದು ಕಿರುರೆಕ್ಕೆಗಳಿವೆ. ನನ್ನ ಪಟದಲ್ಲಿ ಅವು ಇರಲಿಲ್ಲ. ಪಟದಲ್ಲಿ ಇದ್ದದ್ದು ಹೆಸರಿಲ್ಲದ ಯಾವುದೋ ಮೀನು. ಮುಂದಿನ ವಾರ ಮಕ್ಕಳು 'ಬಂಗುಡೆ' ಎಂಬುದನ್ನು ಹೊಡೆದುಹಾಕಿ 'ರೋಹು' ಎಂದು ಬರೆದರು. ಪಕ್ಕದಲ್ಲಿ ಹೊಸ ಬಂಗುಡೆಯೊಂದನ್ನು ಮಾಡಿದರು, ಅಜ್ಜಿಯನ್ನು ಕೂರಿಸಿಕೊಂಡು.

ಇತರ ಊರುಗಳಲ್ಲಿ ಇಂಥ ವರ್ಗಗಳನ್ನು ನಡೆಸುತ್ತಿರುವ ಓದುಗರಲ್ಲಿ ನನ್ನ ವಿನಂತಿ ಇದು. ನಿಮ್ಮ ವಸ್ತು ಮೀನೇ ಆಗಬೇಕಿಲ್ಲ. ನೇಯ್ಗೆಯ ಮಗ್ಗವಾಗಬಹುದು, ಹಸುವಾಗಬಹುದು, ಭತ್ತವಾಗಬಹುದು. ಮಕ್ಕಳ ಕೈಗೆ ರಟ್ಟು, ದಾರ ಕೊಡಿ. ತಪ್ಪು ಮಾಡಲು ಸಮಯ ಕೊಡಿ. ಕಥೆ ಹೇಳಿ, ಆದರೆ ಕಥೆಯನ್ನು ತಡೆಯುವ ಅಧಿಕಾರವನ್ನು ಮಕ್ಕಳಿಗೆ ಬಿಡಿ. ಮತ್ತು ಆ ವಸ್ತುವನ್ನು ಕೈಯಾರೆ ಬಲ್ಲ ಒಬ್ಬರನ್ನು ಹುಡುಕಿ ಕರೆತನ್ನಿ. ಅವರು ನಿಮ್ಮ ವರ್ಗದ ಯಾವುದಾದರೊಂದು ಮಗುವಿನ ಅಜ್ಜಿಯೋ ತಂದೆಯೋ ಆಗಿರುವ ಸಾಧ್ಯತೆ ಹೆಚ್ಚು. ವರ್ಗ ಮುಗಿಯುವುದನ್ನು ಕಾಯುತ್ತಾ ಬಾಗಿಲ ಹೊರಗೆ ನಿಂತಿರುತ್ತಾರೆ. ಒಳಗೆ ಕರೆಯಿರಿ.

ಬಿಟ್ಟುಹೋದ ಮಗು ಇನ್ನೂ ಬಂದಿಲ್ಲ. ಅದರ ಹೆಸರು ನಮ್ಮ ಹಾಜರಿ ಪುಸ್ತಕದಲ್ಲಿ ಹಾಗೆಯೇ ಇದೆ, ನಾನು ಹೊಡೆದುಹಾಕಿಲ್ಲ. ಹಿಂದಿನ ಸಾಲಿನ ಹುಡುಗ ಈಗ ಎರಡನೆಯ ಸಾಲಿಗೆ ಬಂದಿದ್ದಾನೆ. ಕಳೆದ ಭಾನುವಾರ ಹೊಸದಾಗಿ ಸೇರಿದ ಮಗುವೊಂದಕ್ಕೆ ಅವನು ಕುಚ್ಚನ್ನು ನೀರಿನಲ್ಲಿ ಮುಳುಗಿಸಿ ತೋರಿಸುತ್ತಿದ್ದ. ಅದು ಏನೆಂದು ಮಗು ಕೇಳಿತು. "ಕಿವಿರು" ಎಂದ; ಸ್ವಲ್ಪ ತಡೆದು, "ಕೆಂಪ್ ಇದ್ರೆ ಲಾಯ್ಕ್" ಎಂದು ಸೇರಿಸಿದ.